ಸೊಳ್ಳೆಗೆ ವಯಸ್ಸೆಷ್ಟು?

ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಹಗಲು ಕಚ್ಚುತ್ತದೆ, ಅದರ ಕಾಲಿಗೆ ಬಿಳಿ ಪಟ್ಟೆಗಳಿವೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದರ ವಯಸ್ಸನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ರೋಗದ ಗುಟ್ಟಿರುವುದು ಅಲ್ಲೇ.

ಕಚ್ಚುವುದು ಹೆಣ್ಣು, ಮೊಟ್ಟೆ ಕಟ್ಟಲು ಅದಕ್ಕೆ ರಕ್ತ ಬೇಕು. ರೋಗಿಯ ರಕ್ತ ಹೀರಿದ ಸೊಳ್ಳೆ ಅಂದೇ ಇನ್ನೊಬ್ಬರಿಗೆ ಡೆಂಗಿ ಅಂಟಿಸಲಾರದು. ವೈರಸ್ ಮೊದಲು ಅದರ ಕರುಳಿನ ಜೀವಕೋಶಗಳಲ್ಲಿ ಮನೆ ಮಾಡಿ ಹೆಚ್ಚಬೇಕು, ಕರುಳಿನ ಗೋಡೆ ದಾಟಿ ಮೈಯೊಳಗೆ ಹರಡಬೇಕು, ಕೊನೆಗೆ ಜೊಲ್ಲಿನ ಗ್ರಂಥಿ ಸೇರಬೇಕು. 25ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಇದಕ್ಕೆ 8ರಿಂದ 12 ದಿನ ಹಿಡಿಯುತ್ತದೆ. ಸೊಳ್ಳೆಯ ಆಯಸ್ಸೋ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ಹಲ್ಲಿ, ಜೇಡ, ನಮ್ಮ ಅಂಗೈ ಇವನ್ನೆಲ್ಲ ತಪ್ಪಿಸಿಕೊಂಡು ಮುದಿಯಾದ ಸೊಳ್ಳೆಯೇ ಅಪಾಯಕಾರಿ. ಅಲ್ಲಿಂದ ಮುಂದೆ ಸಾಯುವ ತನಕವೂ ಅದು ರೋಗ ಹಂಚುತ್ತದೆ. ಸೆಕೆ ಹೆಚ್ಚಿದಂತೆ ವೈರಸ್ಸಿನ ಈ ಪಯಣ ಬೇಗ ಮುಗಿಯುತ್ತದೆ. ಭೂಮಿ ಬಿಸಿಯಾಗುತ್ತಿರುವುದಕ್ಕೂ ಡೆಂಗಿಗೂ ಇರುವ ನಂಟುಗಳಲ್ಲಿ ಇದೂ ಒಂದು.

ಸಾಲದ್ದಕ್ಕೆ ಈ ಸೊಳ್ಳೆಗೆ ಮಹಾ ಅಂಜಿಕೆ. ನಾವು ಕೊಂಚ ಅಲುಗಿದರೂ ಊಟ ಅರ್ಧಕ್ಕೇ ಬಿಟ್ಟೆದ್ದು ಪಕ್ಕದವರ ಮೇಲೆ ಕೂರುತ್ತದೆ. ಒಂದೇ ಮನೆಯ ಮೂರ್ನಾಲ್ಕು ಜನ ಒಟ್ಟೊಟ್ಟಿಗೆ ಮಲಗಲು ಒಂದು ಸೊಳ್ಳೆ ಸಾಕು.

ಮುದಿಯಾಗುವ ಮೊದಲೇ ಅದು ಸತ್ತರೆ? ಆಸ್ಟ್ರೇಲಿಯಾದ ಸ್ಕಾಟ್ ಓನೀಲ್ ಮತ್ತು ಸಂಗಡಿಗರು ಕೈಹಾಕಿದ್ದು ಇದಕ್ಕೇ. ಹಣ್ಣುನೊಣದಲ್ಲಿರುವ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯನ್ನು ಸೊಳ್ಳೆಗೆ ಸೇರಿಸಿದಾಗ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟಿಸಿದರು. ಆಮೇಲೆ ಕಂಡದ್ದು ಇನ್ನೂ ಸೊಗಸು: ವೋಲ್ಬಾಕಿಯಾ ಇರುವ ಸೊಳ್ಳೆಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯುವುದೇ ಇಲ್ಲ. ಆಯಸ್ಸು ಕತ್ತರಿಸುವ ತಳಿ ಬಯಲಿನಲ್ಲಿ ನಿಲ್ಲಲಿಲ್ಲ. ಸೌಮ್ಯವಾದ ಇನ್ನೊಂದು ತಳಿ ನಿಂತಿತು. ಇಂಡೋನೇಷ್ಯಾದ ಯೋಗ್ಯಕರ್ತ ನಗರದಲ್ಲಿ ಇಂಥ ಸೊಳ್ಳೆಗಳನ್ನು ಬಿಟ್ಟ ಬಡಾವಣೆಗಳಲ್ಲಿ ಡೆಂಗಿ 77 ಪ್ರತಿಶತ ಕಡಿಮೆಯಾಯಿತು ಎಂಬ ಫಲಿತಾಂಶ 2021ರಲ್ಲಿ ಹೊರಬಂತು. ಸೊಳ್ಳೆ ಬಿಟ್ಟು ಸೊಳ್ಳೆ ರೋಗ ತಡೆಯುವುದು!

ನಮ್ಮ ಬೀದಿಗಳಲ್ಲಿ ಹೊಡೆಯುವ ಹೊಗೆಯ ಮೇಲೆ ನನಗೆ ಹೆಚ್ಚು ಭರವಸೆಯಿಲ್ಲ. ಅದು ಹೊರಗೆ ಹಾರಾಡುವ ಸೊಳ್ಳೆಗೆ ತಗಲುತ್ತದೆ. ಈಡಿಸ್ ಇರುವುದು ಮಂಚದಡಿ, ಬಟ್ಟೆ ನೇತುಹಾಕಿದ ಮೂಲೆಯಲ್ಲಿ. ಡ್ರಮ್ಮಿನ ಒಳಗೋಡೆಗೆ ಅಂಟಿದ ಅದರ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಗೋಡೆಯನ್ನು ವಾರಕ್ಕೊಮ್ಮೆ ಗಸಗಸ ತಿಕ್ಕಬೇಕು.

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದುಹೋದವರಿಗೆ ಇನ್ನೊಂದು ತಗಲಿದರೆ ಕಾಯಿಲೆ ಉಲ್ಬಣಿಸುವ ಸಂಭವ ಹೆಚ್ಚು. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಕಷ್ಟದ ಕಾಲ. ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಜ್ವರದ ಮೊದಲ ಐದಾರು ದಿನ ರೋಗಿಯ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಆ ದಿನಗಳಲ್ಲಿ ಅವರಿಗೆ ಹಗಲು ಹೊತ್ತಿನಲ್ಲೂ ಸೊಳ್ಳೆ ಪರದೆ ಕಟ್ಟಿ, ಮನೆಯ ಉಳಿದವರ ಸಲುವಾಗಿ.