ದೊಡ್ಡಪೇಟೆಯ ಚೌಕ

ಬೆಂಗಳೂರಿನಲ್ಲಿ ಚಿಕ್ಕಪೇಟೆ ಎಲ್ಲಿದೆಯೆಂದು ಕೇಳಿದರೆ ದಾರಿ ತೋರಿಸದವರಿಲ್ಲ. ದೊಡ್ಡಪೇಟೆ ಎಲ್ಲಿದೆಯೆಂದು ಕೇಳಿದರೆ ತಡವರಿಸುವವರೇ ಹೆಚ್ಚು. ಪಠ್ಯಪುಸ್ತಕ ಕೊಳ್ಳಲು ಮಕ್ಕಳು ಮುತ್ತುವ ಅವೆನ್ಯೂ ರಸ್ತೆಯೇ ಆ ದೊಡ್ಡಪೇಟೆ. ಹಿರಿಯನ ಹೆಸರು ಮರೆಯಾಗಿ ಕಿರಿಯನ ಹೆಸರು ಉಳಿದುಬಂದ ವಿಚಿತ್ರವಿದು.

ಈ ಎರಡು ಬೀದಿಗಳು ಕೂಡುವ ಸ್ಥಳವೇ ದೊಡ್ಡಪೇಟೆಯ ಚೌಕ. ಹಳೆಯ ಊರಿನ ನಡುನೆತ್ತಿ. 1537ರಲ್ಲಿ ಕೆಂಪೇಗೌಡನು ನಗರವನ್ನು ಕಟ್ಟಲು ತೊಡಗಿದಾಗ ಇಲ್ಲಿ ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಹೂಡಿ ನಾಲ್ಕು ದಿಕ್ಕಿಗೂ ಉಳಿಸಿದನೆಂದೂ, ಆ ಸಾಲುಗಳೇ ಬೀದಿಗಳಾದುವೆಂದೂ ಐತಿಹ್ಯ. ಅಕ್ಷರಶಃ ನಂಬಬೇಕಾಗಿಲ್ಲ, ಆದರೆ ದೊಡ್ಡಪೇಟೆ ತೆಂಕು ಬಡಗಾಗಿಯೂ ಚಿಕ್ಕಪೇಟೆ ಮೂಡು ಪಡುವಾಗಿಯೂ ಹಾಯ್ದಿರುವುದು ಐತಿಹ್ಯಕ್ಕೆ ಒಪ್ಪುವಂತೆಯೇ ಇದೆ. ಸಂಸ್ಕೃತದ ‘ಚತುಷ್ಕ’ವೇ ನಮ್ಮಲ್ಲಿ ‘ಚೌಕ’ವಾಗಿರುವುದರಿಂದ ಈ ಜಾಗಕ್ಕೆ ಹೆಸರು ಸಾರ್ಥಕ. ವಿಶಾಲವಾದ ಬಯಲನ್ನು ಎಣಿಸಿಕೊಂಡು ಹೋದವರಿಗೆ ಮಾತ್ರ ನಿರಾಶೆ ತಪ್ಪದು. ಅಲ್ಲಿರುವುದು ಇಕ್ಕಟ್ಟಾದ ಹಾದಿಗಳ ಕೂಟ. ನಿಂತು ನೋಡಹೋದರೆ ಹಿಂದಿನಿಂದ ಬಂದ ಮೂಟೆ ಬೆನ್ನಿಗೆ ತಗಲುತ್ತದೆ.

ಚೌಕದ ಸುತ್ತ ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಅಕ್ಕಿಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳಿಗೆ ಅರ್ಥ ಹೇಳಬೇಕಾಗಿಲ್ಲ. ತರಗುಪೇಟೆ ಎಂದೊಡನೆ ಹುಡುಗರು ತರಗೆಲೆಯನ್ನು ನೆನೆಯುತ್ತಾರೆ. ಇಲ್ಲಿಯ ‘ತರಗು’ ಎಲೆಯಲ್ಲ, ದಲ್ಲಾಳಿ ವ್ಯವಹಾರ. ಧಾನ್ಯದ ವ್ಯಾಪಾರಿಗಳ ಮಾತು. ಹೀಗೆ ಶಾಸನವಿಲ್ಲದ ಕಡೆ ಹೆಸರೇ ಶಾಸನ.

1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ಪೇಟೆಗೆ ನುಗ್ಗಿತು. ಊರು ಅದನ್ನೂ ತಾಳಿಕೊಂಡಿತು, ಅಂಗಡಿಗಳು ಮತ್ತೆ ತೆರೆದುವು. 1928ರಲ್ಲಿ ಸಿದ್ಧಿಕಟ್ಟೆಯ ಕೆರೆಯಿದ್ದ ಜಾಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಟ್ಟಡ ಎದ್ದು ನಿಂತಿತು. ಹೆಸರುಗಳು ಅಷ್ಟು ಗಟ್ಟಿಯಲ್ಲ. ಅರಳೆಪೇಟೆಯನ್ನು ಕಾಟನ್‌ಪೇಟೆ ಎಂದರು. ಭಾಷೆ ಹೋದರೂ ಅರ್ಥ ಉಳಿಯಿತೆಂದು ಸಮಾಧಾನಪಡಬಹುದು. ದೊಡ್ಡಪೇಟೆಗೆ ಆ ಭಾಗ್ಯವೂ ಇಲ್ಲ. ಅವೆನ್ಯೂ ಎಂದರೆ ಸಾಲುಮರಗಳ ಹಾದಿ. ಆ ಬೀದಿಯಲ್ಲಿ ಸಾಲುಮರಗಳನ್ನು ಹುಡುಕುವವರು ಬಹಳ ಹೊತ್ತು ಹುಡುಕಬೇಕಾದೀತು!

ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಚೈತ್ರದ ಹುಣ್ಣಿಮೆಯ ರಾತ್ರಿ ಕರಗ ಹೊರಟು ಈ ಪೇಟೆಗಳಲ್ಲೆಲ್ಲ ಸುತ್ತುತ್ತದೆ. 2017ರಿಂದ ನೆಲದಡಿಯಲ್ಲಿ ಮೆಟ್ರೊ ರೈಲೂ ಓಡುತ್ತಿದೆ. ಅಲ್ಲಿಯ ನಿಲ್ದಾಣಕ್ಕೂ ಚಿಕ್ಕಪೇಟೆಯದೇ ಹೆಸರು. ಅವೆನ್ಯೂ ರಸ್ತೆಯ ಪ್ರತಿಯೊಂದು ಫಲಕದಲ್ಲಿಯೂ ಕೆಳಗೆ ‘ದೊಡ್ಡಪೇಟೆ’ ಎಂದು ಬರೆಸಬೇಕು. ಅದಕ್ಕೆ ಒಂದು ಗೇಣು ಜಾಗ ಸಾಕು.