ಪರರಕ್ತವಿಲ್ಲದ ಹೃದಯಶಸ್ತ್ರಕ್ರಿಯೆ

ಪುಣೆ ಜಿಲ್ಲೆಯ ಲೋಣಾವಳದಲ್ಲಿ ಹಿಂದೆ ತಮ್ಮ ಭಾರತೀಯ ಕಚೇರಿಯನ್ನಿರಿಸಿಕೊಂಡಿದ್ದು, ತರುವಾಯ ಅದನ್ನು ನಮ್ಮ ಬೆಂಗಳೂರಿಗೆ ಸಾಗಿಸಿದ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದವರು, ಪ್ರಾಣವೇ ಪಣಕ್ಕೆ ಬಿದ್ದರೂ ಪರರ ರಕ್ತವನ್ನು ಸ್ವೀಕರಿಸಲೊಲ್ಲರು.

ಅಂಥವರ ಹೃದಯವನ್ನು ತೆರೆಯುವುದೆಂತು? ಹೃದಯ-ಶ್ವಾಸಕೋಶ ಯಂತ್ರದ ನಳಿಕೆಗಳನ್ನು ದಾನಿಗಳ ರಕ್ತದಿಂದ ತುಂಬುವುದೇ ರೂಢಿಯಾಗಿದ್ದ ಕಾಲದಲ್ಲಿ, ಅಮೆರಿಕೆಯ ಹ್ಯೂಸ್ಟನ್ನಿನ ಡೆಂಟನ್ ಕೂಲಿ ಎಂಬ ಶಸ್ತ್ರವೈದ್ಯರು ಅದರ ಸ್ಥಾನದಲ್ಲಿ ಸಕ್ಕರೆಯ ದ್ರಾವಣವನ್ನು ಬಳಸಿ, 1962ರಲ್ಲಿ ಇಂತಹ ರೋಗಿಗಳಿಗೆ ತೆರೆದ ಹೃದಯದ ಶಸ್ತ್ರಕ್ರಿಯೆಯನ್ನು ಆರಂಭಿಸಿದರು. 1977ರಲ್ಲಿ ಹೃದಯ ಹಾಗೂ ರಕ್ತನಾಳಗಳ ಇಂತಹ 542 ಶಸ್ತ್ರಕ್ರಿಯೆಗಳ ವರದಿಯೇ ಪ್ರಕಟವಾಯಿತು.

ಇಂದಿನ ಸಿದ್ಧತೆ ವಾರಗಳ ಮೊದಲೇ ತೊಡಗುತ್ತದೆ. ಕಬ್ಬಿಣಾಂಶವನ್ನೂ ಎರಿಥ್ರೊಪೊಯಿಟಿನ್ ಎಂಬ ಹಾರ್ಮೋನನ್ನೂ ಕೊಟ್ಟು ಹಿಮೋಗ್ಲೋಬಿನ್ ಏರಿಸುವರು. ಪರೀಕ್ಷೆಗೆಂದು ತೆಗೆಯುವ ರಕ್ತಕ್ಕೂ ಶಿಶುಗಳಿಗಾಗಿ ಮಾಡಿದ ಕಿರುನಳಿಕೆಯನ್ನೇ ಹಿಡಿಯುವರು. (ಈ ಜಿಪುಣತನ ಎಲ್ಲ ರೋಗಿಗಳಿಗೂ ಹಿತವೇ ಎಂದು ನನ್ನ ಮತ.) ಎದೆಗೂಡಿನಲ್ಲಿ ಸೋರಿದ ರಕ್ತವನ್ನು ಬೇರೊಂದು ಯಂತ್ರವು ಹೀರಿ, ತೊಳೆದು, ಕೆಂಪುಕಣಗಳನ್ನು ಅದೇ ದೇಹಕ್ಕೆ ಮರಳಿಸುತ್ತದೆ; ನಳಿಕೆಯ ಸಂಪರ್ಕವು ಶರೀರದೊಡನೆ ಕ್ಷಣವೂ ಕಡಿಯದಿದ್ದರೆ ಮಾತ್ರ ಕೆಲವರು ಇದನ್ನು ಒಪ್ಪುವರು.

ವಯಸ್ಕ ರೋಗಿಯ ಸಮ್ಮತಿಯಿಲ್ಲದೆ ಚಿಕಿತ್ಸೆ ಸಲ್ಲದೆಂಬ ತತ್ತ್ವವನ್ನು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿದಿದೆ. ಆಲ್ಬುಮಿನ್ ಮೊದಲಾದ ರಕ್ತಾಂಶಗಳನ್ನು ಪಡೆಯುವುದು ಬಿಡುವುದು ಅವರವರ ಅಂತಃಸಾಕ್ಷಿಗೆ ಬಿಟ್ಟದ್ದಾದುದರಿಂದ, ವೈದ್ಯನು ಪ್ರತಿಯೊಬ್ಬರೆದುರೂ ಕುಳಿತು, ಒಂದೊಂದನ್ನೇ ಕೇಳಿ, ಬರೆದಿರಿಸಿಕೊಳ್ಳಬೇಕಾಗುತ್ತದೆ.