‘ವ್ಯವಸಾಯ’ ಅಂತ ಬರೆದರೆ ಮೆಸೇಜ್ ಹೋಗಲಿಲ್ಲ!

‘ಅಕ್ಕಾ, ನಾನೇನ್ ತಪ್ ಬರ್ದೆ?’

ಎಂಟನೇ ಕ್ಲಾಸಿನ ಹುಡುಗ ನನ್ನ ಮೊಬೈಲ್ ವಾಪಸ್ ಕೊಡುತ್ತಾ ಕೇಳಿದ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ, ನಾನೇ ಬರೆದಿದ್ದ ಸಾಲು: ‘ನಿಮ್ಮ ಸಂದೇಶ ನಿಯಮಗಳಿಗೆ ವಿರುದ್ಧವಾಗಿದೆ’. ಅವನು ಟೈಪ್ ಮಾಡಿದ್ದು ಇಷ್ಟೇ, ‘ನಮ್ಮಪ್ಪ ವ್ಯವಸಾಯ ಮಾಡ್ತಾರೆ’.

ಆ ಕೆಂಪು ಸಾಲು ಬರುವ ಪ್ರಾಜೆಕ್ಟ್‌ಗೆ ಕಾಲೇಜಿನಲ್ಲಿ ನನಗೆ ಒಳ್ಳೇ ಮಾರ್ಕ್ಸ್ ಬಂದಿತ್ತು. ರೆಸ್ಯೂಮೆಯಲ್ಲಿ ಅದೇ ಮೊದಲ ಸಾಲು. ಕೆಲಸ ಕೊಡಿಸುವುದೇ ಅದು ಎಂದುಕೊಂಡಿದ್ದೆ.

ಮೊದಲಿಂದ ಹೇಳುತ್ತೇನೆ. ನಾನು ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮೂರನೇ ವರ್ಷದ ವಿದ್ಯಾರ್ಥಿನಿ. ರಜೆಗೆ ಊರಿಗೆ ಹೋದಾಗ ನಮ್ಮ ಗ್ರಾಮ ಪಂಚಾಯಿತಿ ಲೈಬ್ರರಿಯ ಮೇಡಂ ಸಿಕ್ಕಿದರು. ‘ಬೇಸಿಗೆ ಶಿಬಿರ ನಡೀತಿದೆ, ಒಂದು ವಾರ ಬಂದು ಮಕ್ಕಳಿಗೆ ಏನಾದ್ರೂ ಹೇಳ್ಕೊಡಮ್ಮ’ ಎಂದರು. ಸ್ಪೋಕನ್ ಇಂಗ್ಲಿಷೋ, ಕಂಪ್ಯೂಟರೋ ಹೇಳಿಕೊಡಲಿ ಎಂಬುದು ಅವರ ಆಸೆ. ನಾನೋ ಹಾಸ್ಟೆಲ್‌ನಲ್ಲಿ ರೇ ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’ ಮತ್ತು ಜಾರ್ಜ್ ಆರ್ವೆಲ್‌ನ ‘1984’ ಓದಿ ಮುಗಿಸಿದ ಉತ್ಸಾಹದಲ್ಲಿದ್ದೆ. ಓದಿದವರಿಗೆ ಗೊತ್ತು, ಈ ಪುಸ್ತಕಗಳನ್ನು ಓದಿದ ತಿಂಗಳಲ್ಲಿ ನಾವು ಯಾರಿಗಾದರೂ ಅದರ ಕಥೆ ಹೇಳದೆ ಬಿಡುವುದಿಲ್ಲ. ‘ಕಥೆ ಹೇಳ್ತೀನಿ ಮೇಡಂ’ ಅಂದೆ.

ಎಂಟನೇ ಕ್ಲಾಸಿನಿಂದ ಫಸ್ಟ್ ಪಿಯುವರೆಗಿನ ಹದಿನಾಲ್ಕು ಮಕ್ಕಳು. ಮೊದಲ ದಿನ ಪಿಪಿಟಿ ಮಾಡಿಕೊಂಡು ಹೋದೆ. ಡಿಸ್ಟೋಪಿಯಾ ಎಂದರೇನು, ವ್ಯಾಖ್ಯೆ, ಲಕ್ಷಣಗಳು, ಉದಾಹರಣೆಗಳು. ನಮ್ಮ ಲೆಕ್ಚರರ್‌ಗಳ ಬಗ್ಗೆ ನಾವು ಏನೇನು ಆಡಿಕೊಳ್ಳುತ್ತೇವೋ ಅದೆಲ್ಲವನ್ನೂ ಅರ್ಧ ಗಂಟೆಯಲ್ಲಿ ನಾನೇ ಮಾಡಿ ತೋರಿಸಿದೆ. ಇಬ್ಬರು ಆಕಳಿಸಿದರು, ಒಬ್ಬ ನಿದ್ದೆಯನ್ನೇ ಮಾಡಿದ. ‘ಹಾರರ್ ಸ್ಟೋರಿ ಥರಾನಾ ಅಕ್ಕಾ?’ ಎಂದು ಒಬ್ಬಳು ಕೇಳಿದ್ದೇ ಆ ದಿನದ ಏಕೈಕ ಪ್ರಶ್ನೆ.

ಎರಡನೇ ದಿನ ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟೆ. ಲೈಬ್ರರಿಯ ಹಳೇ ಪೇಪರ್‌ಗಳನ್ನು ಹಂಚಿ, ಎಲ್ಲರ ಕೈಗೂ ಒಂದೊಂದು ಕಪ್ಪು ಸ್ಕೆಚ್ ಪೆನ್ ಕೊಟ್ಟೆ. ‘ನೀವೆಲ್ಲ ಈಗ ಆಫೀಸರ್‌ಗಳು. ಓದಿದವರಿಗೆ ಬೇಜಾರು, ಭಯ, ಸಿಟ್ಟು ತರುವ ಯಾವ ಸಾಲೂ ಉಳಿಯಬಾರದು. ಅಳಿಸಿ.’ ಗಲಾಟೆಯೋ ಗಲಾಟೆ. ಇಪ್ಪತ್ತು ನಿಮಿಷಕ್ಕೆ ಮುಖಪುಟವೆಲ್ಲ ಮಸಿ. ಉಳಿದದ್ದು ಚಿನ್ನದ ರೇಟು, ಸೀರೆ ಅಂಗಡಿ ಜಾಹೀರಾತು, ರಾಶಿಭವಿಷ್ಯ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ರಾಶಿಭವಿಷ್ಯವನ್ನೂ ಬಿಟ್ಟಿರಲಿಲ್ಲ. ಕೇಳಿದರೆ, ‘ಕನ್ಯಾ ರಾಶಿಗೆ ಚಿಂತೆ ಜಾಸ್ತಿ ಅಂತ ಹಾಕವ್ರೆ ಅಕ್ಕಾ, ನಂದು ಕನ್ಯಾ ರಾಶಿ’ ಎಂದಳು. ಪಿಪಿಟಿಯ ಹತ್ತು ಸ್ಲೈಡ್‌ನಲ್ಲಿ ನನಗೆ ಹೇಳಲಾಗದ್ದನ್ನು ಅವಳು ಒಂದೇ ಗೆರೆಯಲ್ಲಿ ಹೇಳಿದ್ದಳು. ಅಳಿಸುವ ಅಧಿಕಾರ ಸಿಕ್ಕರೆ, ಎಲ್ಲಿ ನಿಲ್ಲಿಸಬೇಕು ಎಂದು ಪೆನ್ನಿಗೆ ಗೊತ್ತಾಗುವುದಿಲ್ಲ.

ಆಮೇಲೆ ಕಥೆ ಕೇಳಲು ಅವರೇ ಕೂತರು. ‘ಫ್ಯಾರನ್‌ಹೀಟ್ 451’ ಬಂದದ್ದು 1953ರಲ್ಲಿ. ಅದರಲ್ಲಿ ಅಗ್ನಿಶಾಮಕ ದಳದವರು ಬೆಂಕಿ ಆರಿಸುವುದಿಲ್ಲ, ಪುಸ್ತಕ ಇಟ್ಟುಕೊಂಡವರ ಮನೆಗೆ ಹೋಗಿ ಪುಸ್ತಕಗಳಿಗೆ ಬೆಂಕಿ ಹಚ್ಚುತ್ತಾರೆ. 451 ಎಂದರೆ ಕಾಗದ ಹೊತ್ತಿಕೊಳ್ಳುವ ಉಷ್ಣತೆ ಎನ್ನುತ್ತದೆ ಪುಸ್ತಕ. ‘ಸೆಲ್ಸಿಯಸ್‌ನಲ್ಲಿ ಎಷ್ಟು?’ ಎಂದು ಒಬ್ಬ ಕೇಳಿ, ತಾನೇ ಬೋರ್ಡ್ ಮೇಲೆ ಲೆಕ್ಕ ಮಾಡಿ ‘ಹತ್ತತ್ರ 233’ ಎಂದ. ಬ್ರಾಡ್‌ಬರಿ ಕಾಲೇಜಿಗೆ ಹೋದವನಲ್ಲ, ಲೈಬ್ರರಿಯಲ್ಲೇ ಓದಿ ಬೆಳೆದವನು. ಈ ಕಥೆಯ ಮೊದಲ ರೂಪವನ್ನು ಬರೆದದ್ದೂ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯವೊಂದರ ಲೈಬ್ರರಿಯ ನೆಲಮಾಳಿಗೆಯಲ್ಲಿ. ಅರ್ಧ ಗಂಟೆಗೆ ಹತ್ತು ಸೆಂಟ್ ಹಾಕಿದರೆ ಮಾತ್ರ ಓಡುವ ಬಾಡಿಗೆ ಟೈಪ್‌ರೈಟರ್, ಒಟ್ಟು ಖರ್ಚು 9 ಡಾಲರ್ 80 ಸೆಂಟ್. ಇದನ್ನು ಕೇಳಿ ಎಲ್ಲರಿಗಿಂತ ಖುಷಿಪಟ್ಟವರು ನಮ್ಮ ಲೈಬ್ರರಿ ಮೇಡಂ.

ಮಕ್ಕಳನ್ನು ಹಿಡಿದು ನಿಲ್ಲಿಸಿದ್ದು ಬೆಂಕಿಯಲ್ಲ. ಆ ಕಥೆಯಲ್ಲಿ ಸರ್ಕಾರ ಒಂದು ದಿನ ಎದ್ದು ಪುಸ್ತಕ ಸುಡಲು ಶುರು ಮಾಡಿದ್ದಲ್ಲ. ಮೊದಲು ಜನರೇ ಓದುವುದನ್ನು ಬಿಟ್ಟರು. ಎಲ್ಲವೂ ಚಿಕ್ಕದಾಗಬೇಕು, ಬೇಗ ಮುಗಿಯಬೇಕು, ಯಾರಿಗೂ ನೋವಾಗಬಾರದು. ಗೋಡೆಯಷ್ಟು ದೊಡ್ಡ ಟಿ.ವಿ. ಬಂತು, ಕಿವಿಯೊಳಗೆ ಕೂರುವ ಪುಟ್ಟ ರೇಡಿಯೊ ಬಂತು. ಬೆಂಕಿ ಬಂದದ್ದು ಕೊನೆಗೆ. ನಾನು ಇದನ್ನು ಹೇಳುತ್ತಿದ್ದರೆ ಮುಂದಿನ ಸಾಲಿನವಳು ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದಳು. ಇಯರ್‌ಫೋನ್ ನೇತಾಡುತ್ತಿತ್ತು. ತೆಗೆದು ಜೇಬಿಗೆ ಹಾಕಿಕೊಂಡೆ.

ಆ ಪುಸ್ತಕಕ್ಕೆ ಆದ ಗತಿ ಇನ್ನೂ ಸ್ವಾರಸ್ಯ. 1967ರಲ್ಲಿ ಅದನ್ನು ಪ್ರಕಟಿಸಿದವರೇ ಹೈಸ್ಕೂಲ್ ಮಕ್ಕಳಿಗೆಂದು ಬೇರೆ ಆವೃತ್ತಿ ತಂದರು. ಬೈಗುಳ ಹೋಯಿತು, ಗರ್ಭಪಾತದ ಮಾತು ಹೋಯಿತು, ಕುಡಿದಿದ್ದ ಮನುಷ್ಯ ಕಾಯಿಲೆ ಮನುಷ್ಯನಾದ. ಲೇಖಕನನ್ನು ಕೇಳಲಿಲ್ಲ, ಬದಲಿಸಿದ್ದೇವೆ ಎಂದು ಪುಸ್ತಕದಲ್ಲಿ ಹೇಳಲೂ ಇಲ್ಲ. 1973ರಿಂದ ಆರು ವರ್ಷ ಅಂಗಡಿಗಳಲ್ಲಿ ದೊಡ್ಡವರಿಗೆ ಸಿಗುತ್ತಿದ್ದ ಪೇಪರ್‌ಬ್ಯಾಕ್ ಕೂಡ ಅದೇ! ಸೆನ್ಸಾರ್ ಬಗ್ಗೆ ಬರೆದ ಪುಸ್ತಕವೇ ಸೆನ್ಸಾರ್ ಆಗಿದೆ ಎಂದು ಬ್ರಾಡ್‌ಬರಿಗೆ ಕಾಗದ ಬರೆದು ತಿಳಿಸಿದ್ದು ಯಾರು ಗೊತ್ತೇ? ವಿದ್ಯಾರ್ಥಿಗಳು. ಅವನು ಜಗಳವಾಡಿ ಮೂಲ ರೂಪವನ್ನೇ ಮತ್ತೆ ಅಚ್ಚು ಹಾಕಿಸಿದ. ‘ನಮ್ ವಯಸ್ಸಿನೋರಾ ಅಕ್ಕಾ?’ ಎಂದು ಹಿಂದಿನ ಬೆಂಚಿನಿಂದ ದನಿ ಬಂತು. ಮೊದಲ ದಿನ ನಿದ್ದೆ ಮಾಡಿದ್ದವನದೇ.

‘1984’ ಹೇಳುವುದು ಕಷ್ಟವಾಗುತ್ತದೆ ಎಂದುಕೊಂಡಿದ್ದೆ. ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ ಎಂದು ಶುರು ಮಾಡಿದೆ. ಕಥಾನಾಯಕನ ಕೆಲಸವೇ ಹಳೇ ಪೇಪರ್ ತಿದ್ದುವುದು. ಸರ್ಕಾರ ನಿನ್ನೆ ಹೇಳಿದ್ದು ಇವತ್ತು ಸುಳ್ಳಾದರೆ, ನಿನ್ನೆಯ ಪೇಪರನ್ನೇ ಹೊಸದಾಗಿ ಬರೆದು, ಹಳೆಯದನ್ನು ಗೋಡೆಯಲ್ಲಿರುವ ಕಿಂಡಿಗೆ ಹಾಕಿಬಿಡಬೇಕು. ಕೆಳಗೆ ಕುಲುಮೆ. ‘ಡಿಲೀಟ್ ಫಾರ್ ಎವ್ರಿಒನ್ ಥರ’ ಎಂದಳು ಕನ್ಯಾ ರಾಶಿಯವಳು. ಒಂದು ವ್ಯತ್ಯಾಸವಿದೆ ಎಂದೆ. ವಾಟ್ಸ್‌ಆ್ಯಪ್‌ನಲ್ಲಿ ಡಿಲೀಟ್ ಮಾಡಿದರೆ, ಮಾಡಿದರು ಎಂದಾದರೂ ತೋರಿಸುತ್ತದೆ. ಇಲ್ಲಿ ಅದೂ ಇಲ್ಲ.

ಆಗ ನಾನು 2009ರ ಘಟನೆ ಹೇಳಿದೆ. ಅಮೆಜಾನ್ ಕಂಪನಿಯ ಕಿಂಡಲ್ ಎಂಬ ಓದುವ ಯಂತ್ರದಲ್ಲಿ ಜನ ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕಗಳು ಒಂದು ದಿನ ತಾವಾಗಿಯೇ ಮಾಯವಾದವು. ಅವನ್ನು ಮಾರಾಟಕ್ಕೆ ಇಟ್ಟವರ ಹತ್ತಿರ ಹಕ್ಕು ಇರಲಿಲ್ಲ ಎಂಬ ಕಾರಣಕ್ಕೆ ಕಂಪನಿ ದೂರದಿಂದಲೇ ಅಳಿಸಿ, ದುಡ್ಡು ವಾಪಸ್ ಹಾಕಿತ್ತು. ಆ ಪುಸ್ತಕಗಳಲ್ಲೊಂದು ‘1984’! ಅಮೆರಿಕದ ಹೈಸ್ಕೂಲ್ ಹುಡುಗನೊಬ್ಬ ರಜೆಯ ಹೋಂವರ್ಕ್‌ಗೆ ಅದರಲ್ಲಿ ಮಾಡಿಕೊಂಡಿದ್ದ ಟಿಪ್ಪಣಿಗಳೆಲ್ಲ ಪುಸ್ತಕವಿಲ್ಲದೆ ಕೆಲಸಕ್ಕೆ ಬಾರದಂತಾದವು. ಕಂಪನಿ ಕ್ಷಮೆ ಕೇಳಿತು, ಅವನು ಕೋರ್ಟಿಗೂ ಹೋದ.

ಮಕ್ಕಳು ಕಂಪನಿಯನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಫಸ್ಟ್ ಪಿಯು ಹುಡುಗಿ ಕೇಳಿದ್ದು ಬೇರೆಯೇ. ‘ಹಂಗೆ ಅಳ್ಸೋ ಪ್ರೋಗ್ರಾಂ ಬರ್ದೋರು ಯಾರಕ್ಕಾ? ಇಂಜಿನಿಯರ್ ತಾನೆ? ನೀವೂ ಇಂಥವೆಲ್ಲ ಮಾಡ್ತೀರಾ?’

‘ನಾನು ಮಾಡಿದ್ದು ಒಳ್ಳೇ ಕೆಲಸಕ್ಕೆ’ ಎಂದು ಮೊಬೈಲ್ ತೆಗೆದೆ.

ನಿಜಕ್ಕೂ ಒಳ್ಳೇ ಕೆಲಸಕ್ಕೇ ಮಾಡಿದ್ದು. ನನ್ನ ಗೆಳತಿಗೆ ಗೊತ್ತಿಲ್ಲದ ಅಕೌಂಟ್‌ನಿಂದ ‘ಸಾಯಿಸ್ತೀನಿ’ ಎಂದು ಮೆಸೇಜ್ ಬರುತ್ತಿತ್ತು. ಎರಡು ವಾರ ಅವಳು ರಾತ್ರಿ ಲೈಟ್ ಆರಿಸಿ ಮಲಗಲಿಲ್ಲ. ಅದನ್ನು ನೋಡಿಯೇ ನಾನು ಕನ್ನಡದ ಬೈಗುಳ, ಬೆದರಿಕೆಗಳನ್ನು ತಡೆಯುವ ಚಾಟ್ ಆ್ಯಪ್ ಮಾಡಿದ್ದು. ಇಂಗ್ಲಿಷ್‌ಗೆ ಇಂಥ ಫಿಲ್ಟರ್‌ಗಳು ಬೇಕಾದಷ್ಟಿವೆ. ಕನ್ನಡದಲ್ಲಿ ಕಷ್ಟವೇನೆಂದರೆ, ನಮ್ಮ ಪದಗಳಿಗೆ ಬಾಲ ಬೆಳೆಯುತ್ತದೆ. ಸಾಯಿಸ್ತೀನಿ, ಸಾಯಿಸಿಬಿಡ್ತೀನಿ, ಸಾಯಬೇಕು, ಸಾಯೋ... ಎಲ್ಲ ರೂಪವನ್ನೂ ಪಟ್ಟಿಗೆ ಹಾಕುತ್ತಾ ಕೂತರೆ ಸೆಮಿಸ್ಟರ್ ಮುಗಿದುಹೋಗುತ್ತದೆ. ಹಾಗಾಗಿ ‘ಸಾಯ’ ಎಂಬ ತುಂಡನ್ನಷ್ಟೇ ಹಾಕಿದೆ. ಅದು ಎಲ್ಲಿ ಕಂಡರೂ ಮೆಸೇಜ್ ನಿಲ್ಲುತ್ತದೆ. ಹಾಗೆಯೇ ‘ಕೊಲ್ಲ’. ಜಾಣತನ ಎಂದುಕೊಂಡಿದ್ದೆ. ಡೆಮೊ ದಿನ ಎಲ್ಲರೂ ಬೈಗುಳ ಹಾಕಿಯೇ ನೋಡಿದರು. ಎಲ್ಲ ತಡೆಯಿತು. ಚಪ್ಪಾಳೆ.

ಒಳ್ಳೇ ಮಾತು ಹಾಕಿ ನೋಡಿದವರು ಯಾರೂ ಇರಲಿಲ್ಲ.

ವ್ಯವ‘ಸಾಯ’ ಮೊದಲು ಸಿಕ್ಕಿಬಿತ್ತು. ಆಮೇಲೆ ಮಕ್ಕಳಿಗೆ ಅದೇ ಆಟವಾಯಿತು. ‘ಸಾಯಂಕಾಲ ಬಾ’ ಬ್ಲಾಕ್. ರಸಾಯನಶಾಸ್ತ್ರ ಬ್ಲಾಕ್. ‘ಹಂಗಾದ್ರೆ ಟೆಸ್ಟ್ ಬರೀಬೇಕಿಲ್ಲ’ ಎಂದು ಒಬ್ಬ ಕುಣಿದ. ಭೂಗೋಳ ಓದಿದವಳು ‘ಬಂಗಾಳ ಕೊಲ್ಲಿ’ ಹಾಕಿದಳು. ಬ್ಲಾಕ್. ಕೊಲ್ಲೂರು ಬ್ಲಾಕ್, ಸಾಕ್ಷಾತ್ ಮೂಕಾಂಬಿಕೆಯ ಊರು! ಅಷ್ಟರಲ್ಲಿ ಇನ್ನೊಬ್ಬ, ತಾವು ಯಾವಾಗಲೂ ಚಾಟ್ ಮಾಡುವ ಹಾಗೆ ಇಂಗ್ಲಿಷ್ ಅಕ್ಷರದಲ್ಲಿ ‘ಸಾಯಿಸ್ತೀನಿ’ ಎಂದು ಟೈಪ್ ಮಾಡಿದ. ಸಲೀಸಾಗಿ ಹೋಯಿತು. ನನ್ನ ಗೆಳತಿಗೆ ಬಂದಿದ್ದ ಮೆಸೇಜ್‌ಗಳಲ್ಲೂ ಅರ್ಧ ಇಂಗ್ಲಿಷ್ ಅಕ್ಷರದಲ್ಲೇ ಇದ್ದವು ಎಂಬುದು ಆಗ ನೆನಪಾಯಿತು.

ಇಂಥ ತಪ್ಪು ಹೊಸದಲ್ಲ, ಇದಕ್ಕೊಂದು ಹೆಸರೇ ಇದೆ. 1996ರಲ್ಲಿ ಎಒಎಲ್ ಕಂಪನಿಯ ಫಿಲ್ಟರ್, ಇಂಗ್ಲೆಂಡಿನ ಸ್ಕನ್‌ಥಾರ್ಪ್ ಎಂಬ ಊರಿನ ಹೆಸರಿನ ನಡುವೆ ಒಂದು ಅಶ್ಲೀಲ ಪದ ಅಡಗಿದೆ ಎಂದು ಆ ಊರಿನವರಿಗೆ ಅಕೌಂಟ್ ತೆರೆಯಲು ಬಿಡಲಿಲ್ಲ. ಅಂದಿನಿಂದ ಇದು ‘ಸ್ಕನ್‌ಥಾರ್ಪ್ ಪ್ರಾಬ್ಲಂ’. ನಾನು ಇದನ್ನು ಓದಿದ್ದೆ. ಓದಿಯೂ ಮಾಡಿದ್ದೆ.

ಎಲ್ಲರೂ ನಗುತ್ತಿದ್ದರು, ಆ ಎಂಟನೇ ಕ್ಲಾಸಿನ ಹುಡುಗ ಮಾತ್ರ ನಗಲಿಲ್ಲ. ಕೋಡ್‌ನಲ್ಲಿ ತಪ್ಪಿದೆ ಎಂದು ಅವನಿಗೆ ಹೊಳೆದಿರಲಿಲ್ಲ. ತನ್ನ ಅಪ್ಪನ ಕೆಲಸ ಬರೆಯಬಾರದ್ದೇನೋ ಎಂದುಕೊಂಡಿದ್ದ. ಯಾವ ಪದಕ್ಕೆ ತಡೆದದ್ದು ಎಂದು ನನ್ನ ಆ್ಯಪ್ ಹೇಳುತ್ತಲೇ ಇರಲಿಲ್ಲ. ಹೇಳಿದರೆ ಜನ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾರೆ ಎಂದು ನಾನೇ ಪಟ್ಟಿಯನ್ನು ಮುಚ್ಚಿಟ್ಟಿದ್ದೆ. ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಪಟ್ಟಿ ತೆಗೆದು ತೋರಿಸಿದೆ. ನೋಟ್‌ಪ್ಯಾಡ್ ಫೈಲ್ ಅಷ್ಟೇ, ಸಾಲಿಗೊಂದು ಪದ.

ಫಸ್ಟ್ ಪಿಯು ಹುಡುಗಿಯೂ ಬಗ್ಗಿ ನೋಡಿದಳು. ಅವಳು ಇರುವುದು ಹಾಸ್ಟೆಲ್‌ನಲ್ಲಿ. ‘ಇದಕ್ಕೆ ಇನ್ನೊಂದು ಪದ ಸೇರ್ಸೋಕೆ ಎಷ್ಟ್ ಹೊತ್ತಾಗುತ್ತೆ?’

‘ಐದು ಸೆಕೆಂಡ್.’

‘ನಮ್ ಹಾಸ್ಟೆಲ್‌ನೋರು ಈ ಆ್ಯಪ್ ತಗೊಂಡ್ರು ಅಂದ್ಕೊಳಿ. ಊಟದಲ್ಲಿ ಹುಳ ಬಂತು ಅಂತ ಯಾರೂ ಬರೀಬಾರ್ದು, ‘ಹುಳ’ ಅನ್ನೋದನ್ನ ಸೇರ್ಸಿ ಅಂದ್ರೆ ಸೇರಿಸ್ತೀರಾ?’

‘ಇಲ್ಲ’ ಎಂದೆ.

‘ಸಂಬಳ ಕೊಡೋರೇ ಹೇಳಿದ್ರೆ?’

ನಾನು ಮತ್ತೆ ‘ಇಲ್ಲ’ ಎಂದೆ. ಆದರೆ ಈ ಸಲ ಸ್ವಲ್ಪ ತಡವಾಯಿತು. ಅವಳು ಅದನ್ನು ಗಮನಿಸಿದಳು. ಮನೆಯಲ್ಲಿ ಎಜುಕೇಶನ್ ಲೋನ್ ಇದೆ. ಮುಂದಿನ ವರ್ಷ ಪ್ಲೇಸ್‌ಮೆಂಟ್. ಮೊದಲ ಕೆಲಸದ ಮೊದಲ ತಿಂಗಳು ಟೀಮ್ ಲೀಡ್ ಒಂದು ಪದ ಸೇರಿಸು ಎಂದರೆ, ಯಾಕೆ ಎಂದು ಕೇಳುವ ಧೈರ್ಯ ನನಗಿದೆಯೇ? ‘1984’ ಓದುವಾಗ ನಾನು ಕಥಾನಾಯಕನ ಜೊತೆ ಕೂತಿದ್ದೆ, ಅವನ ಕಷ್ಟ ನನ್ನದೆನಿಸಿತ್ತು. ಅವನು ದಿನಾ ಬೆಳಿಗ್ಗೆ ಹೋಗಿ ಮಾಡುತ್ತಿದ್ದದ್ದು ಸಂಬಳದ ಕೆಲಸ ಎಂಬುದನ್ನು ಮರೆತೇಬಿಟ್ಟಿದ್ದೆ.

ಫಿಲ್ಟರೇ ಬೇಡ ಎಂದು ನಾನು ಈಗಲೂ ಹೇಳುವುದಿಲ್ಲ. ಲೈಟ್ ಆರಿಸದೆ ಮಲಗಿದವಳನ್ನು ನೋಡಿದ್ದೇನೆ. ಕಾಲೇಜಿಗೆ ವಾಪಸಾದ ಮೇಲೆ ಮಾಡಿದ್ದು ಮೂರು ಬದಲಾವಣೆ. ಮೆಸೇಜ್ ನಿಂತರೆ ಯಾವ ಪದಕ್ಕೆ ನಿಂತಿತು ಎಂದು ತೋರಿಸುತ್ತದೆ. ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಪದ ಸೇರಿಸುವವರು ತಮ್ಮ ಹೆಸರು ಮತ್ತು ಕಾರಣ ಬರೆಯಲೇಬೇಕು, ಇಲ್ಲದಿದ್ದರೆ ಸೇವ್ ಆಗುವುದಿಲ್ಲ. ಮೊದಲಿಗೆ ನನ್ನ ಹಳೇ ಪದಗಳಿಗೇ ಕಾರಣ ಬರೆಯುತ್ತಾ ಹೋದೆ. ಸುಮಾರು ಮೂವತ್ತು ಪದಗಳಿಗೆ ಏನು ಬರೆಯಬೇಕೆಂದೇ ತಿಳಿಯಲಿಲ್ಲ, ಎಲ್ಲಿಂದಲೋ ಕಾಪಿ ಮಾಡಿದ್ದವು. ತೆಗೆದುಹಾಕಿದೆ. ‘ಇಷ್ಟೆಲ್ಲ ಯಾಕಮ್ಮ, ಮಾರ್ಕ್ಸ್ ಆಗ್ಲೇ ಬಂದಾಗಿದೆಯಲ್ಲ’ ಎಂದರು ಗೈಡ್. ಅದೂ ನಿಜವೇ.

ರೆಸ್ಯೂಮೆಯ ಮೊದಲ ಸಾಲು ಹಾಗೇ ಇದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ, ಈ ಆ್ಯಪ್ ಯಾವ ಯಾವ ಪದಗಳನ್ನು ತಪ್ಪಾಗಿ ತಡೆದಿತ್ತು ಎಂದು. ಇಂಟರ್‌ವ್ಯೂನಲ್ಲಿ ಯಾರಾದರೂ ಕೇಳಬಹುದು, ಕೇಳದೆಯೂ ಇರಬಹುದು.

ಮೊನ್ನೆ ಹೊಸ ಆ್ಯಪ್‌ನ ಲಿಂಕ್ ಅನ್ನು ಲೈಬ್ರರಿ ಮೇಡಂಗೆ ಕಳಿಸಿದ್ದೆ. ಸಂಜೆ ಅವರ ಫೋನಿನಿಂದ ಮೆಸೇಜ್ ಬಂತು. ‘ನಮ್ಮಪ್ಪ ವ್ಯವಸಾಯ ಮಾಡ್ತಾರೆ. ಬಂತಾ ಅಕ್ಕಾ?’

ಬಂತು ಎಂದು ಬರೆದೆ. ಬಂಗಾಳ ಕೊಲ್ಲಿ ಇನ್ನೂ ಸರಿಹೋಗಿಲ್ಲ.